ಮೊದಲ ಮಳೆಗಾಲ ದಾಟುವ ಮುನ್ನ: ಮಲೆನಾಡಿನ ಹೊಸ ಮನೆಯ ದೋಷ ಪರಿಶೀಲನೆ ಮತ್ತು ದುರಸ್ತಿಯ ಹಕ್ಕು

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಮನೆ ಕಟ್ಟುವ ಕೆಲಸಕ್ಕೆ ಮಳೆಗಾಲವೇ ಗಡಿ. ಮಳೆ ಹಿಂದೆ ಸರಿದ ಮೇಲೆ ಪಾಯ ತೆಗೆದು, ಬೇಸಿಗೆಯ ಹೊತ್ತಿಗೆ ತಾರಸಿ ಹಾಕಿ, ಗಿಲಾವು ಮತ್ತು ಬಣ್ಣದ ಕೆಲಸ ಮುಗಿಸಿ, ವೈಶಾಖ ಮಾಸದ ಮುಹೂರ್ತವೊಂದರಲ್ಲಿ ಗೃಹಪ್ರವೇಶ ನಡೆಸುವುದು ಇಲ್ಲಿನ ವಾಡಿಕೆಯಾಗಿದ್ದು, ಮೇಸ್ತ್ರಿಗೂ ಕೆಲಸಗಾರರಿಗೂ ಉಡುಗೊರೆ ಕೊಟ್ಟು ಬಾಕಿ ಲೆಕ್ಕ ಚುಕ್ತಾ ಮಾಡುವುದೂ ಬಹುಮಟ್ಟಿಗೆ ಆ ದಿನಗಳಲ್ಲೇ ನಡೆಯುತ್ತದೆ. ಹೀಗಾಗಿ ಮನೆಯು ವರ್ಷದ ಅತ್ಯಂತ ಒಣ ಸ್ಥಿತಿಯಲ್ಲಿರುವಾಗ ಯಜಮಾನರ ಕೈ ಸೇರುತ್ತದೆ; ಜೂನ್ ತಿಂಗಳಲ್ಲಿ ಮುಂಗಾರು ಹಿಡಿದು ಆರ್ದ್ರಾ, ಪುನರ್ವಸು ಮಳೆಗಳು ಬಿಡದೆ ಸುರಿಯತೊಡಗಿದಾಗಲಷ್ಟೇ ತಾರಸಿಯ ಸೋರಿಕೆ, ಗೋಡೆಯ ತೇವ, ಉಬ್ಬಿದ ಬಾಗಿಲು, ಕುಸಿದ ಅಂಗಳ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಅಷ್ಟರಲ್ಲಿ ಗುತ್ತಿಗೆದಾರರಿಗೆ ಸಲ್ಲಬೇಕಾದ ಹಣವೆಲ್ಲ ಸಂದಿರುತ್ತದೆ, ಕೆಲಸಗಾರರು ಬೇರೆ ಕಡೆಗೆ ಹೋಗಿರುತ್ತಾರೆ, ದುರಸ್ತಿಯ ಮಾತು ಮುಂದಿನ ಬೇಸಿಗೆಗೆ ಹೋಗುತ್ತದೆ. ಪರಿಶೀಲನೆ, ಪಾವತಿ ಮತ್ತು ಮಳೆ ಎಂಬ ಮೂರರ ಕಾಲಕ್ರಮವನ್ನು ಒಂದಕ್ಕೊಂದು ಹೊಂದಿಸಿಕೊಳ್ಳುವುದು ಮನೆ ಕಟ್ಟಿಸುವವರ ಕೈಯಲ್ಲಿರುವ ಅತಿ ದೊಡ್ಡ ರಕ್ಷಣೆಯಾಗಿದ್ದು, ಕಾನೂನು ಕೊಡುವ ರಕ್ಷಣೆಗಳೆಲ್ಲ ಅದರ ನಂತರದ ಮಾತು.

ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಘಟ್ಟಕ್ಕೆ ಶೃಂಗೇರಿ ಹತ್ತಿರದಲ್ಲಿದ್ದು, ಅಲ್ಲಿಂದ ಪೂರ್ವಕ್ಕೆ ಕೊಪ್ಪ ದಾಟಿ ಭದ್ರಾ ಹಿನ್ನೀರಿನ ಅಂಚಿನಲ್ಲಿರುವ ನರಸಿಂಹರಾಜಪುರದ ಕಡೆಗೆ ಸಾಗಿದಂತೆ ಮಳೆಯ ಪ್ರಮಾಣ ಇಳಿಯುತ್ತದೆ. ಒಬ್ಬನೇ ಗುತ್ತಿಗೆದಾರ ಮೂರೂ ಕಡೆ ಒಂದೇ ನಕ್ಷೆಯಲ್ಲಿ ಮನೆ ಕಟ್ಟಿಕೊಡುವುದು ಈಗ ಸಾಮಾನ್ಯವಾಗಿರುವುದರಿಂದ, ನರಸಿಂಹರಾಜಪುರದಲ್ಲಿ ಬಾಳಿಕೆ ಬಂದ ಚಿಕ್ಕ ಸಜ್ಜಾ ಮತ್ತು ಸಮತಟ್ಟಾದ ತಾರಸಿಗಳು ಶೃಂಗೇರಿಯಲ್ಲಿ ಮೊದಲ ವರ್ಷವೇ ಸೋಲುವುದುಂಟು. ಹಳೆಯ ಮಲೆನಾಡಿನ ಮನೆಗಳ ಮಾಡು ಗೋಡೆಯಿಂದ ಬಹಳ ಹೊರಗೆ ಚಾಚಿ, ಮಣ್ಣಿನ ಗೋಡೆಗೆ ಇರಚಲು ತಾಗದಂತೆ ಕಾಪಾಡುತ್ತಿದ್ದುದನ್ನು ನೆನೆದರೆ, ಹೊಸ ಮನೆಯ ಪರಿಶೀಲನೆಯನ್ನು ಎಲ್ಲಿಂದ ಆರಂಭಿಸಬೇಕೆಂಬುದು ತಾನಾಗಿ ತಿಳಿಯುತ್ತದೆ: ನೀರು ಮನೆಯ ಮೇಲೆ ಎಲ್ಲಿ ಬೀಳುತ್ತದೆ, ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲು ನೋಡಬೇಕು.

ಧರೆ ಮತ್ತು ತುಂಬಿದ ಮಣ್ಣು

ಗುಡ್ಡದ ಓರೆಯಲ್ಲಿ ನಿವೇಶನ ಮಾಡುವಾಗ ಮೇಲಿನ ಬದಿಯ ಮಣ್ಣನ್ನು ಜೆಸಿಬಿಯಿಂದ ಕಡಿದು ಕೆಳಗಿನ ಬದಿಗೆ ತುಂಬಿ ಮಟ್ಟ ಮಾಡಲಾಗುತ್ತದೆ. ಕಡಿದಾಗ ಉಳಿಯುವ ನೆಟ್ಟಗಿನ ಮಣ್ಣಿನ ಗೋಡೆಯನ್ನು ಮಲೆನಾಡಿನಲ್ಲಿ ಧರೆ ಎನ್ನುತ್ತಾರೆ. ಬೇಸಿಗೆಯಲ್ಲಿ ಗಟ್ಟಿಯಾಗಿ ಕಾಣುವ ಧರೆ ವಾರಗಟ್ಟಲೆ ನೀರು ಕುಡಿದಾಗ ತೂಕ ಹೆಚ್ಚಿಸಿಕೊಂಡು, ಮಣ್ಣಿನ ಹಿಡಿತ ಸಡಿಲಗೊಂಡು ಕುಸಿಯುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿಯೂ 2019ರ ಆಗಸ್ಟ್‌ನಲ್ಲಿ ಇದೇ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿಯೂ ನಡೆದ ಭೂಕುಸಿತಗಳ ನಂತರ ಈ ಅಪಾಯವನ್ನು ಯಾರೂ ಹಗುರವಾಗಿ ಕಾಣುವಂತಿಲ್ಲ. ಆದುದರಿಂದ ಮನೆಯ ಒಳಗೆ ಕಾಲಿಡುವ ಮೊದಲು ಮನೆಯ ಹಿಂಬದಿಗೆ ಹೋಗಿ, ಧರೆಯ ಬುಡಕ್ಕೂ ಗೋಡೆಗೂ ನಡುವೆ ಎಷ್ಟು ಜಾಗವಿದೆ, ಧರೆಯ ಎತ್ತರ ಎಷ್ಟು, ಅದನ್ನು ಒಂದೇ ಏಟಿಗೆ ನೆಟ್ಟಗೆ ಕಡಿಯಲಾಗಿದೆಯೇ ಅಥವಾ ಮೆಟ್ಟಿಲು ಮೆಟ್ಟಿಲಾಗಿ ಇಳಿಸಲಾಗಿದೆಯೇ, ಧರೆಯ ನೆತ್ತಿಯ ಮೇಲಿನ ತೋಟದ ನೀರು ಕೆಳಗೆ ಇಳಿಯದಂತೆ ಮೇಲ್ಭಾಗದಲ್ಲಿ ಕಣಿ ತೆಗೆದು ಪಕ್ಕಕ್ಕೆ ತಿರುಗಿಸಲಾಗಿದೆಯೇ ಎಂಬುದನ್ನು ನೋಡುವುದು ಅಗತ್ಯ. ನೆತ್ತಿಯ ಅಂಚಿಗೆ ಸಮಾನಾಂತರವಾಗಿ ನೆಲದಲ್ಲಿ ಸೀಳು ಕಂಡರೆ, ಅಥವಾ ಅಲ್ಲಿನ ಮರ, ಬೇಲಿಗಂಬಗಳು ಇಳಿಜಾರಿನ ಕಡೆಗೆ ವಾಲಿದ್ದರೆ, ಅದು ಮಣ್ಣು ಆಗಲೇ ಸರಿಯುತ್ತಿರುವ ಗುರುತಾಗಿದ್ದು, ಅಂಥ ಜಾಗದಲ್ಲಿ ಇಂಜಿನಿಯರ್ ಬಂದು ನೋಡುವವರೆಗೆ ಮಳೆಗಾಲದಲ್ಲಿ ವಾಸವನ್ನೇ ಮುಂದೂಡುವುದು ವಿವೇಕ.

ಧರೆಗೆ ತಡೆಗೋಡೆ ಕಟ್ಟಿದ್ದರೆ ಅದರ ಮೈಯಲ್ಲಿ ನೀರು ಹೊರಬರುವ ರಂಧ್ರಗಳಿರಬೇಕು, ಅವುಗಳ ಹಿಂದೆ ಜಲ್ಲಿಯ ಪದರವಿರಬೇಕು. ಮಣ್ಣಿನ ಒತ್ತಡಕ್ಕೆ ನಿಲ್ಲಬಲ್ಲ ಗೋಡೆಯೂ ಹಿಂದೆ ಕಟ್ಟಿಕೊಂಡ ನೀರಿನ ಒತ್ತಡ ಸೇರಿದಾಗ ಬಾಗುತ್ತದೆ ಅಥವಾ ಮಗುಚುತ್ತದೆ. ಜುಲೈ ತಿಂಗಳ ಮಳೆಯಲ್ಲಿ ಈ ರಂಧ್ರಗಳಿಂದ ನೀರು ಬರುತ್ತಿದ್ದರೆ ವ್ಯವಸ್ಥೆ ಕೆಲಸ ಮಾಡುತ್ತಿದೆ ಎಂದರ್ಥ. ಸುತ್ತಲಿನ ಒರತೆಗಳೆಲ್ಲ ಹರಿಯುತ್ತಿದ್ದು ರಂಧ್ರಗಳು ಮಾತ್ರ ಒಣಗಿದ್ದರೆ, ಜಲ್ಲಿಯ ಪದರ ಹಾಕಿಲ್ಲ ಅಥವಾ ಅದು ಮಣ್ಣಿನಿಂದ ಮುಚ್ಚಿಕೊಂಡಿದೆ ಎಂದು ಶಂಕಿಸಬೇಕು.

ಕೆಳಗಿನ ಬದಿಯ ತುಂಬಿದ ಮಣ್ಣಿನ ತೊಂದರೆ ನಿಧಾನವಾಗಿ ಕಾಣಿಸಿಕೊಳ್ಳುತ್ತದೆ. ಮನೆಯ ಅರ್ಧ ಭಾಗ ಕಡಿದ ಗಟ್ಟಿ ನೆಲದ ಮೇಲೆಯೂ ಉಳಿದರ್ಧ ಹೊಸದಾಗಿ ತುಂಬಿದ ಮಣ್ಣಿನ ಮೇಲೆಯೂ ನಿಂತಾಗ, ತುಂಬಿದ ಮಣ್ಣು ಮಳೆಯಲ್ಲಿ ಕುಳಿತು ಆ ಭಾಗದ ಪಂಚಾಂಗ ಮಾತ್ರ ಕೆಳಗಿಳಿಯುತ್ತದೆ. ಪಂಚಾಂಗವೆಂದರೆ ನೆಲಮಟ್ಟದ ತನಕದ ತಳಪಾಯದ ಕಟ್ಟಡ. ಇದರ ಗುರುತು ಗೋಡೆಯಲ್ಲಿ ಸ್ಪಷ್ಟ. ಇಟ್ಟಿಗೆ ಅಥವಾ ಜಂಬಿಟ್ಟಿಗೆಯ ಸಂದುಗಳನ್ನು ಹಿಡಿದು ಮೆಟ್ಟಿಲಿನ ಆಕಾರದಲ್ಲಿ ಏರುವ, ಒಂದು ತುದಿಯಲ್ಲಿ ಅಗಲವಾಗಿಯೂ ಇನ್ನೊಂದು ತುದಿಯಲ್ಲಿ ಸಣ್ಣದಾಗಿಯೂ ಇರುವ ಬಿರುಕು ತಳಪಾಯದ ಅಸಮ ಕುಸಿತವನ್ನು ಸೂಚಿಸುತ್ತದೆ. ಇಂಥ ಬಿರುಕಿಗೆ ಗುತ್ತಿಗೆದಾರರು ಪುಟ್ಟಿ ತುಂಬಿ ಬಣ್ಣ ಬಳಿದು ಕೊಟ್ಟರೆ ಅದನ್ನು ದುರಸ್ತಿಯೆಂದು ಒಪ್ಪಬಾರದು, ಏಕೆಂದರೆ ಕಾರಣ ಗೋಡೆಯಲ್ಲಿಲ್ಲ, ಅಡಿಯಲ್ಲಿದೆ.

ನದಿಯ ಸಮೀಪದ ನಿವೇಶನಗಳ ವಿಷಯದಲ್ಲಿ, ಉದಾಹರಣೆಗೆ ತುಂಗೆಯ ದಡದ ಶೃಂಗೇರಿ ಪೇಟೆಯಲ್ಲಿ ಅಥವಾ ಭದ್ರೆಯ ದಡದ ಬಾಳೆಹೊನ್ನೂರಿನಲ್ಲಿ, ಹಿಂದಿನ ನೆರೆಗಳಲ್ಲಿ ನೀರು ಎಲ್ಲಿಯವರೆಗೆ ಏರಿತ್ತೆಂಬುದನ್ನು ಅಕ್ಕಪಕ್ಕದ ಹಿರಿಯರಿಂದ ಕೇಳಿ, ಮನೆಯ ನೆಲಮಟ್ಟವನ್ನು ಅದರೊಡನೆ ಹೋಲಿಸುವುದು ಯಾವ ಉಪಕರಣವೂ ಬೇಡದ ಪರೀಕ್ಷೆ.

ಗೋಡೆ, ತಾರಸಿ, ಬಚ್ಚಲು

ಎಲ್ಲ ಬಿರುಕುಗಳೂ ಒಂದೇ ಅಲ್ಲ. ಗಿಲಾವಿನ ಮೇಲ್ಮೈಯಲ್ಲಿ ಜೇಡರ ಬಲೆಯಂತೆ ಹರಡುವ ಕೂದಲೆಳೆಯ ಬಿರುಕುಗಳು ಸಿಮೆಂಟ್ ಒಣಗುವಾಗ ಕುಗ್ಗಿದ್ದರಿಂದ ಅಥವಾ ಸಾಕಷ್ಟು ನೀರು ಹಾಕದಿದ್ದುದರಿಂದ ಉಂಟಾಗುತ್ತವೆ. ಇವು ಕೆಲಸದ ಗುಣಮಟ್ಟಕ್ಕೆ ಸಂಬಂಧಿಸಿದವು, ಕಟ್ಟಡದ ಬಲಕ್ಕೆ ಸಂಬಂಧಿಸಿದವಲ್ಲ. ಕಾಂಕ್ರೀಟ್ ಕಂಬಕ್ಕೂ ಗೋಡೆಗೂ ಕೂಡುವಲ್ಲಿ ನೆಟ್ಟಗೆ ಇಳಿಯುವ ಬಿರುಕು, ಗಿಲಾವು ಮಾಡುವ ಮೊದಲು ಆ ಸಂದಿಗೆ ತಂತಿಬಲೆ ಬಡಿಯದೆ ಬಿಟ್ಟುದರ ಫಲವಾಗಿದ್ದು, ಹೊರಗೋಡೆಯಲ್ಲಿದ್ದರೆ ಮಳೆನೀರಿಗೆ ದಾರಿಯಾಗುತ್ತದೆ. ತಾರಸಿಯ ತಳಕ್ಕೂ ಗೋಡೆಯ ನೆತ್ತಿಗೂ ನಡುವಿನ ಅಡ್ಡ ಬಿರುಕು ಬಿಸಿಲಿಗೆ ತಾರಸಿ ಹಿಗ್ಗಿ ಕುಗ್ಗುವುದರಿಂದ ಬರುತ್ತದೆ. ಆದರೆ ತೊಲೆಯ ಅಥವಾ ತಾರಸಿಯ ಅಡಿಯಲ್ಲಿ ಕಂಬಿಯ ಸಾಲಿಗೆ ಸರಿಯಾಗಿ ಗೆರೆ ಎಳೆದಂತೆ ಬಿರುಕು ಕಂಡು, ಅದರ ಅಂಚಿನಲ್ಲಿ ತುಕ್ಕಿನ ಕಲೆ ಇಳಿದಿದ್ದರೆ ವಿಷಯ ಗಂಭೀರ. ಕಂಬಿಯ ಸುತ್ತ ಇರಬೇಕಾದ ಕಾಂಕ್ರೀಟ್ ಹೊದಿಕೆ, ಅಂದರೆ ಕವರ್, ಕಡಿಮೆಯಾದಾಗ ತೇವ ಕಂಬಿಗೆ ತಲುಪಿ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಭಾರತೀಯ ಮಾನಕ ಐಎಸ್ 456:2000ರ ಪ್ರಕಾರ ಮಳೆಗೆ ಒಡ್ಡಿಕೊಂಡ ಕಾಂಕ್ರೀಟ್‌ನಲ್ಲಿ ಈ ಹೊದಿಕೆ ಸಾಮಾನ್ಯವಾಗಿ 30 ಮಿಲಿಮೀಟರ್, ಕಂಬಗಳಲ್ಲಿ 40, ತಳಪಾಯದಲ್ಲಿ 50 ಮಿಲಿಮೀಟರ್ ಇರಬೇಕು. ಕಾಂಕ್ರೀಟ್ ಹಾಕುವ ದಿನ ಕಂಬಿಯ ಅಡಿಯಲ್ಲಿ ಕವರ್ ಬ್ಲಾಕ್ ಇಟ್ಟಿದ್ದಾರೆಯೇ ಎಂದು ನೋಡಿ ಫೋಟೊ ತೆಗೆದಿಟ್ಟುಕೊಂಡರೆ, ಐದು ವರ್ಷಗಳ ನಂತರದ ವಾದವೊಂದು ಅಂದೇ ಬಗೆಹರಿದಂತೆ.

ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಅದರ ಎರಡೂ ತುದಿಗಳಲ್ಲಿ ಪೆನ್ಸಿಲ್‌ನಿಂದ ಗೆರೆ ಹಾಕಿ ದಿನಾಂಕ ಬರೆದಿಡುವುದು ಅಥವಾ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಅಂಟಿಸುವುದು ಹಳೆಯ, ಆದರೆ ನಂಬಿಕೆಗೆ ಅರ್ಹವಾದ ವಿಧಾನ. ಗೋಡೆ ಚಲಿಸಿದರೆ ಗಾಜು ಒಡೆಯುತ್ತದೆ. ಕಾಂಕ್ರೀಟ್‌ನ ಬಲದ ಬಗ್ಗೆಯೇ ಶಂಕೆ ಇದ್ದರೆ ಗಟ್ಟಿತನ ಅಳೆಯುವ ರಿಬೌಂಡ್ ಹ್ಯಾಮರ್ ಪರೀಕ್ಷೆಯನ್ನು ಮಾಡಿಸಬಹುದಾಗಿದ್ದು, ಅದಕ್ಕಾಗಿ ಚಿಕ್ಕಮಗಳೂರು ಅಥವಾ ಶಿವಮೊಗ್ಗದ ಇಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗಗಳಲ್ಲಿ ವಿಚಾರಿಸಬೇಕು.

ತಾರಸಿಯ ಪರೀಕ್ಷೆಗೆ ಮಳೆಯನ್ನೇ ಕಾಯಬೇಕಾಗಿಲ್ಲ. ಏಪ್ರಿಲ್ ತಿಂಗಳಲ್ಲಿ ನೀರು ಹೋಗುವ ಪೈಪುಗಳ ಬಾಯಿ ಮುಚ್ಚಿ, ತಾರಸಿಯ ಮೇಲೆ ಒಂದೆರಡು ಇಂಚು ನೀರು ನಿಲ್ಲಿಸಿ, ಎರಡು ಮೂರು ದಿನ ಬಿಟ್ಟು ಅಡಿಯ ಛಾವಣಿಯನ್ನು ಗಮನಿಸುವುದು ನೀರು ನಿಲ್ಲಿಸುವ ಪರೀಕ್ಷೆಯೆಂದು ಹೆಸರಾಗಿದ್ದು, ಇದನ್ನು ಗುತ್ತಿಗೆದಾರರ ಎದುರಿನಲ್ಲೇ, ಒಳಬಣ್ಣ ಬಳಿಯುವ ಮೊದಲೇ ನಡೆಸಬೇಕು. ನಂತರ ಪೈಪುಗಳನ್ನು ತೆರೆದಾಗ ನೀರು ಎಲ್ಲಿಯೂ ಮಡುಗಟ್ಟದೆ ಹರಿದುಹೋಗಬೇಕು. ನೂರಕ್ಕೆ ಒಂದರ ಇಳಿಜಾರು, ಅಂದರೆ ಪ್ರತಿ 10 ಅಡಿಗೆ ಸುಮಾರು ಒಂದೂಕಾಲು ಇಂಚು, ಕನಿಷ್ಠ ಬೇಕು, ಶೃಂಗೇರಿಯ ಮಳೆಗೆ ಅದಕ್ಕಿಂತ ಹೆಚ್ಚಿದ್ದರೆ ಒಳಿತು. ಪೈಪುಗಳ ಸಂಖ್ಯೆ ಮತ್ತು ಅಗಲವನ್ನೂ ಎಣಿಸಬೇಕು, ಏಕೆಂದರೆ ಒಂದೇ ಪೈಪಿನ ಬಾಯಿಗೆ ಎಲೆ ಸಿಕ್ಕಿಕೊಂಡರೆ ತಾರಸಿ ಕೆರೆಯಾಗುತ್ತದೆ.

ಮಲೆನಾಡಿನಲ್ಲಿ ಈಗ ತಾರಸಿಯ ಮೇಲೆ ಕಬ್ಬಿಣದ ಟ್ರಸ್ ನಿಲ್ಲಿಸಿ ಹೆಂಚು ಅಥವಾ ಶೀಟು ಹೊದಿಸುವುದು ವ್ಯಾಪಕವಾಗಿದ್ದು, ಇದು ಉತ್ತಮ ಪದ್ಧತಿಯೇ ಆದರೂ ಕಳಪೆ ತಾರಸಿಗೆ ಇದನ್ನು ಪರಿಹಾರವೆಂದು ಗುತ್ತಿಗೆದಾರರು ಸೂಚಿಸಿ ಅದರ ಖರ್ಚನ್ನು ಮನೆಯವರ ಮೇಲೆ ಹೊರಿಸುವುದನ್ನು ಒಪ್ಪಲಾಗದು. ಟ್ರಸ್ ಇರುವಲ್ಲಿ ಅದರ ಕಾಲುಗಳನ್ನು ತಾರಸಿಗೆ ಬೋಲ್ಟು ಹಾಕಿ ಬಿಗಿದಿರುವ ಜಾಗಗಳೂ, ಎರಡು ಮಾಡು ಕೂಡುವ ಒಳಮೂಲೆಯ ತಗಡಿನ ದೋಣಿಯೂ, ಗೋಡೆಗೆ ಮಾಡು ತಾಗುವ ಅಂಚೂ ಸೋರಿಕೆಯ ಮೂಲಗಳು. ಇಳಿಜಾರಾದ ಕಾಂಕ್ರೀಟ್ ಮಾಡಿನ ಮೇಲೆ ಅಂದಕ್ಕಾಗಿ ಹೆಂಚು ಅಂಟಿಸುವ ಹೊಸ ರೂಢಿಯಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು: ಹೆಂಚಿನ ಸಂದಿನಿಂದ ಇಳಿದ ನೀರು ಅಡಿಯಲ್ಲೇ ನಿಂತು ಕಾಂಕ್ರೀಟನ್ನು ತಿಂಗಳುಗಟ್ಟಲೆ ನೆನೆಸುತ್ತದೆ, ಮೇಲಿನಿಂದ ನೋಡಿದರೆ ಏನೂ ಕಾಣುವುದಿಲ್ಲ.

ಗೋಡೆಯ ಬುಡದಿಂದ ಎರಡು ಮೂರು ಅಡಿಯವರೆಗೆ ಮೇಲೇರುವ ತೇವ, ಬಣ್ಣ ಸಿಪ್ಪೆಯೇಳುವುದು, ಬಿಳಿ ಉಪ್ಪು ಹೊರಬರುವುದು ನೆಲದಿಂದ ನೀರು ಹೀರಿಕೊಳ್ಳುತ್ತಿರುವುದರ ಲಕ್ಷಣ. ಪಂಚಾಂಗಕ್ಕೂ ಗೋಡೆಗೂ ನಡುವೆ ಹಾಕಬೇಕಾದ ತೇವತಡೆ ಪದರವನ್ನು, ಅಂದರೆ ಇಂಜಿನಿಯರ್‌ಗಳು ಡಿಪಿಸಿ ಎಂದು ಕರೆಯುವುದನ್ನು, ಬಿಟ್ಟಿದ್ದರೆ ಅಥವಾ ಅಂಗಳದ ಮಣ್ಣು ಆ ಪದರಕ್ಕಿಂತ ಎತ್ತರಕ್ಕೆ ಬಂದಿದ್ದರೆ ಹೀಗಾಗುತ್ತದೆ. ಮುಕ್ತ ರಂಧ್ರಗಳಿರುವ ಜಂಬಿಟ್ಟಿಗೆ ಇದಕ್ಕೆ ಬಹಳ ಒಳಗಾಗುವ ವಸ್ತು. ಮೇಲಿನಿಂದ ಇಳಿಯುವ ತೇವಕ್ಕೂ ಕೆಳಗಿನಿಂದ ಏರುವ ತೇವಕ್ಕೂ ಚಿಕಿತ್ಸೆ ಬೇರೆ ಬೇರೆಯಾದ್ದರಿಂದ, ದೂರಿನಲ್ಲಿ ಕೇವಲ ‘ಗೋಡೆ ನೆನೆದಿದೆ’ ಎಂದು ಬರೆಯದೆ ತೇವ ಯಾವ ಎತ್ತರದಿಂದ ಯಾವ ಎತ್ತರದವರೆಗೆ ಇದೆ ಎಂಬುದನ್ನು ಅಳತೆಯೊಡನೆ ದಾಖಲಿಸಬೇಕು.

ಬಚ್ಚಲು ಮತ್ತು ಶೌಚಾಲಯಗಳ ತಗ್ಗಿಸಿದ ತಳದಲ್ಲಿ ಟೈಲ್ಸ್ ಹಾಕುವ ಮೊದಲು ಒಂದೆರಡು ದಿನ ನೀರು ನಿಲ್ಲಿಸಿ ನೋಡಬೇಕು. ಟೈಲ್ಸನ್ನು ನಾಣ್ಯದಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಗಾರೆ ತುಂಬಿಲ್ಲ. ಕಿಟಕಿಗಳ ಮೇಲೆ ಅರ್ಧ ಗಂಟೆ ಪೈಪಿನಿಂದ ನೀರು ಬಿಟ್ಟು ಒಳಗಿನ ಮೂಲೆಗಳನ್ನು ನೋಡಬಹುದು. ಬಾಗಿಲುಗಳನ್ನು ಮಾತ್ರ ಬೇಸಿಗೆಯಲ್ಲಿ ಅಳೆದು ತೀರ್ಮಾನಿಸಲಾಗದು. ಚೆನ್ನಾಗಿ ಒಣಗದ ಮರವಾದರೆ ಮಾರ್ಚ್‌ನಲ್ಲಿ ಸರಾಗವಾಗಿ ಮುಚ್ಚಿದ ಬಾಗಿಲು ಜುಲೈನಲ್ಲಿ ಉಬ್ಬಿ ಚೌಕಟ್ಟಿಗೆ ಕಚ್ಚುತ್ತದೆ.

ವಿದ್ಯುತ್ತಿನ ಅರ್ಥಿಂಗ್ ವಿಷಯದಲ್ಲಿ ಕಾಲಕ್ರಮ ತಿರುಗುಮುರುಗು. ಅರ್ಥಿಂಗ್ ಎಂದರೆ ಸೋರಿದ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಜೋಡಣೆಯಾಗಿದ್ದು, ಮಳೆಗಾಲದ ಹಸಿ ನೆಲದಲ್ಲಿ ಎಂಥ ಅರ್ಥಿಂಗ್ ಕೂಡ ಚೆನ್ನಾಗಿರುವಂತೆ ತೋರುತ್ತದೆ. ಕಲ್ಲುಮಿಶ್ರಿತ ಜಂಬಿಟ್ಟಿಗೆ ನೆಲ ಪೂರ್ತಿ ಒಣಗುವ ಮಾರ್ಚ್, ಏಪ್ರಿಲ್ ತಿಂಗಳಲ್ಲೇ ಅದರ ನಿಜವಾದ ರೋಧ ತಿಳಿಯುತ್ತದೆ, ಸಿಡಿಲಿನ ಮಳೆ ಬರುವುದೂ ಅದೇ ಕಾಲದಲ್ಲಿ. ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರಿಂದ ಆಗ ಅಳತೆ ಮಾಡಿಸಿ, ಮುಖ್ಯ ಫಲಕದಲ್ಲಿ 30 ಮಿಲಿಆಂಪಿಯರ್ ಸೋರಿಕೆಗೆ ಕಡಿತಗೊಳ್ಳುವ ಆರ್‌ಸಿಸಿಬಿ ಇದೆಯೇ, ಅದರ ಪರೀಕ್ಷಾ ಗುಂಡಿ ಒತ್ತಿದಾಗ ವಿದ್ಯುತ್ ಕಡಿತವಾಗುತ್ತದೆಯೇ ಎಂದು ನೋಡಬೇಕು.

ಬಾವಿ ಇರುವ ಮನೆಗಳಲ್ಲಿ ಇಂಗುಗುಂಡಿಯ ಜಾಗವನ್ನು ಟೇಪು ಹಿಡಿದು ಅಳೆಯಬೇಕು. ಐಎಸ್ 2470 ಮಾನಕವು ಶೌಚದ ನೀರು ಇಂಗುವ ಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರವಿರಬೇಕೆನ್ನುತ್ತದೆ. ಮಳೆಗಾಲದಲ್ಲಿ ಅಂತರ್ಜಲ ನೆಲದ ಮಟ್ಟಕ್ಕೇ ಏರುವ ಈ ಭಾಗದಲ್ಲಿ ಗುಂಡಿ ಬಾವಿಗಿಂತ ಎತ್ತರದ ಬದಿಯಲ್ಲಿದ್ದರೆ ಆ ದೂರವೂ ಸಾಲದು.

ಕಾಗದ ಮತ್ತು ಕೊನೆಯ ಕಂತು

ಈ ಮೂರು ತಾಲ್ಲೂಕುಗಳಲ್ಲಿ ಡೆವಲಪರ್ ಕಟ್ಟಿ ಮಾರುವ ಮನೆಗಳು ಕಡಿಮೆ. ಹೆಚ್ಚಿನವರು ತಮ್ಮದೇ ಜಾಗದಲ್ಲಿ ಗುತ್ತಿಗೆ ಕೊಟ್ಟು ಕಟ್ಟಿಸುತ್ತಾರೆ, ಗುತ್ತಿಗೆಯ ಮಾತು ಬಾಯಿಮಾತಿನಲ್ಲಿ, ಚದರಕ್ಕೆ ಇಷ್ಟೆಂದು ಮುಗಿಯುತ್ತದೆ. ಪರಿಚಯದ ಮೇಸ್ತ್ರಿಯಿಂದ ಬರಹ ಕೇಳುವುದು ಅವಿಶ್ವಾಸವಾಗುತ್ತದೆಂಬ ಸಂಕೋಚ ಇಲ್ಲಿ ಬಲವಾಗಿದೆ. ಆ ಸಂಕೋಚ ಎರಡೂ ಕಡೆಗೂ ನಷ್ಟ ತರುತ್ತದೆ: ಯಾವ ಸಿಮೆಂಟ್, ಯಾವ ಕಂಬಿ, ಸಜ್ಜಾ ಎಷ್ಟು ಅಡಿ, ತಡೆಗೋಡೆ ಗುತ್ತಿಗೆಯಲ್ಲಿ ಸೇರಿದೆಯೇ ಇಲ್ಲವೇ ಎಂಬುದು ಬರಹದಲ್ಲಿಲ್ಲದಿದ್ದರೆ ಪ್ರಾಮಾಣಿಕ ಗುತ್ತಿಗೆದಾರರೂ ತಮ್ಮ ಪಾಲಿನ ಕೆಲಸ ಮುಗಿದಿದೆ ಎಂದು ತೋರಿಸಲಾರರು.

ಛಾಪಾ ಕಾಗದದ ಮೇಲಿನ ಕರಾರಿನಲ್ಲಿ ಬೇರೆಲ್ಲಕ್ಕಿಂತ ಮುಖ್ಯವಾಗಿ ಇರಬೇಕಾದುದು ಎರಡು ಷರತ್ತುಗಳು. ಮೊದಲನೆಯದು ದೋಷ ಹೊಣೆಗಾರಿಕೆಯ ಅವಧಿ, ಅಂದರೆ ಮನೆ ಒಪ್ಪಿಸಿದ ಮೇಲೂ ಇಂತಿಷ್ಟು ಕಾಲ ಕಾಣಿಸಿಕೊಳ್ಳುವ ದೋಷಗಳನ್ನು ಗುತ್ತಿಗೆದಾರರು ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕೆಂಬ ಒಪ್ಪಂದ. ಎರಡನೆಯದು ತಡೆಹಿಡಿದ ಮೊತ್ತ: ಗುತ್ತಿಗೆಯ ಹಣದಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟನ್ನು ಉಳಿಸಿಕೊಂಡು, ಸೆಪ್ಟೆಂಬರ್ ಕೊನೆಯಲ್ಲಿ ಜಂಟಿ ಪರಿಶೀಲನೆ ನಡೆದು ದೋಷಗಳು ಸರಿಯಾದ ಮೇಲೆ ಕೊಡುವುದು. ಸರ್ಕಾರಿ ಕಾಮಗಾರಿಗಳಲ್ಲಿ ಗುತ್ತಿಗೆದಾರರು ಇಂಥ ಷರತ್ತಿಗೆ ಒಗ್ಗಿರುವುದರಿಂದ ಇದನ್ನು ಅವಮಾನವೆಂದು ಭಾವಿಸಬೇಕಾಗಿಲ್ಲ. ಗೃಹಪ್ರವೇಶದ ದಿನ ಉಡುಗೊರೆ ಧಾರಾಳವಾಗಿರಲಿ, ಕೊನೆಯ ಕಂತು ಮಾತ್ರ ಮಳೆ ನೋಡಿ ಹೋಗಲಿ. ಆದರೆ ಕರಾರಿನಲ್ಲಿ ಇಲ್ಲದೆ, ಕೆಲಸ ಮುಗಿದ ಮೇಲೆ ಇದ್ದಕ್ಕಿದ್ದಂತೆ ಹಣ ತಡೆಹಿಡಿದರೆ ಮನೆಯವರೇ ಕರಾರು ಮುರಿದಂತಾಗುವ ಅಪಾಯವಿದೆ.

ರಾಜೀವ್ ಗಾಂಧಿ ವಸತಿ ನಿಗಮದ ಯೋಜನೆಗಳಲ್ಲಿ ತಳಪಾಯ, ಲಿಂಟಲ್, ಛಾವಣಿ ಎಂದು ಪ್ರತಿ ಹಂತದ ಜಿಪಿಎಸ್ ಫೋಟೊ ಇಲ್ಲದೆ ಕಂತು ಬಿಡುಗಡೆಯಾಗುವುದಿಲ್ಲ. ಫಲಾನುಭವಿಗಳಿಗೆ ಇದು ತೊಡಕೆನಿಸಿದರೂ ಪದ್ಧತಿಯಾಗಿ ಅನುಕರಣೀಯ. ಸ್ವಂತ ಹಣದಲ್ಲಿ ಕಟ್ಟಿಸುವವರು ಕೂಡ ಮುಚ್ಚಿಹೋಗುವ ಪ್ರತಿ ಕೆಲಸದ, ಅಂದರೆ ಪಾಯ, ಕಂಬಿ, ಗೋಡೆಯೊಳಗಿನ ಪೈಪು ಮತ್ತು ತಂತಿಗಳ ಫೋಟೊವನ್ನು ದಿನಾಂಕ ಸಹಿತ ಇಟ್ಟುಕೊಳ್ಳಬೇಕು. ಕಾಂಕ್ರೀಟಿಗೆ ನೀರು ಹಾಕಿದ ದಿನಗಳ ಲೆಕ್ಕವೂ ಇರಲಿ: ಐಎಸ್ 456 ಮಾನಕದ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಈಗ ಹೆಚ್ಚಾಗಿ ಬಳಸುವ ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ.

ದೋಷ ಕಂಡ ಕೂಡಲೇ ಕೋಣೆವಾರು ಪಟ್ಟಿ ಮಾಡಿ, ಫೋಟೊಗಳೊಂದಿಗೆ ಬರಹದಲ್ಲಿ ತಿಳಿಸಿ, ಸರಿಪಡಿಸಲು 30 ದಿನಗಳಂತೆ ಖಚಿತ ಗಡುವು ಕೊಡಬೇಕು. ನೋಂದಾಯಿತ ಅಂಚೆ 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿರುವುದರಿಂದ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಬೇಕು; ವಾಟ್ಸ್ಆ್ಯಪ್‌ನಲ್ಲಿಯೂ ಪ್ರತಿ ಕಳುಹಿಸಿದರೆ ಉತ್ತರ ಬೇಗ ಸಿಗಬಹುದು. ಗಡುವಿನೊಳಗೆ ಯಾರೂ ಬಾರದಿದ್ದರೆ ಬೇರೆಯವರಿಂದ ದುರಸ್ತಿ ಮಾಡಿಸುವ ಮುನ್ನ ಸ್ವತಂತ್ರ ಸಿವಿಲ್ ಇಂಜಿನಿಯರ್‌ರಿಂದ ದೋಷದ ಕಾರಣ ಮತ್ತು ದುರಸ್ತಿಯ ಅಂದಾಜು ವೆಚ್ಚ ಎರಡೂ ಇರುವ ವರದಿ ಪಡೆಯುವುದು ಅನಿವಾರ್ಯ, ಏಕೆಂದರೆ ದುರಸ್ತಿಯಾದ ಮೇಲೆ ದೋಷಕ್ಕೆ ಸಾಕ್ಷ್ಯ ಉಳಿಯುವುದಿಲ್ಲ.

ಕಾನೂನಿನ ದಾರಿಗಳು

ದೋಷ ದುರಸ್ತಿಯ ಬಗ್ಗೆ ಅತ್ಯಂತ ಸ್ಪಷ್ಟವಾದ ನಿಯಮವಿರುವುದು ರೇರಾ ಎಂದು ಪ್ರಸಿದ್ಧವಾದ 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆಯಲ್ಲಿ. ಅದರ 14ನೇ ಪ್ರಕರಣದ 3ನೇ ಉಪಪ್ರಕರಣದಂತೆ, ಮನೆ ಸ್ವಾಧೀನಕ್ಕೆ ಕೊಟ್ಟ ದಿನದಿಂದ ಐದು ವರ್ಷಗಳೊಳಗೆ ಕಟ್ಟಡದ ರಚನೆ, ಕೆಲಸಗಾರಿಕೆ, ಗುಣಮಟ್ಟ ಅಥವಾ ಸೌಲಭ್ಯಗಳ ದೋಷವನ್ನು ಗಮನಕ್ಕೆ ತಂದರೆ ಪ್ರವರ್ತಕರು, ಅಂದರೆ ಮಾರಾಟಕ್ಕಾಗಿ ಕಟ್ಟಿದವರು, 30 ದಿನಗಳೊಳಗೆ ಉಚಿತವಾಗಿ ಸರಿಪಡಿಸಬೇಕು. ತಪ್ಪಿದರೆ ಪರಿಹಾರ ಕೊಡಬೇಕು. ಆದರೆ ಜಾಗದ ವಿಸ್ತೀರ್ಣ 500 ಚದರ ಮೀಟರ್, ಅಂದರೆ ಸುಮಾರು ಐದು ಗುಂಟೆ, ಮೀರದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳಿಲ್ಲದ ಯೋಜನೆಗಳಿಗೆ ನೋಂದಣಿ ಕಡ್ಡಾಯವಲ್ಲ, ಸ್ವಂತ ಜಾಗದಲ್ಲಿ ಗುತ್ತಿಗೆಗೆ ಕಟ್ಟಿಕೊಟ್ಟವರು ಪ್ರವರ್ತಕರೂ ಅಲ್ಲ. ಆದುದರಿಂದ ಈ ಕಾಯ್ದೆ ಕೊಪ್ಪ, ಶೃಂಗೇರಿಯ ಬಹುಪಾಲು ಮನೆಗಳಿಗೆ ಒದಗುವುದಿಲ್ಲ. ಮಕ್ಕಳ ಉದ್ಯೋಗದ ಕಾರಣ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಫ್ಲ್ಯಾಟ್ ಕೊಳ್ಳುವ ಇಲ್ಲಿನ ಕುಟುಂಬಗಳಿಗೆ ಅದು ಮುಖ್ಯ. ಅಂಥವರು ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ಜಾಲತಾಣದಲ್ಲಿ ಯೋಜನೆಯ ನೋಂದಣಿ ನೋಡಿಯೇ ಮುಂಗಡ ಕೊಡಬೇಕು, ದೂರನ್ನೂ ಅಲ್ಲಿಯೇ ಸಲ್ಲಿಸಬಹುದು.

ಸ್ಥಳೀಯವಾಗಿ ಉಪಯುಕ್ತವಾದುದು 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಮನೆ ನಿರ್ಮಾಣ ಸೇವೆಯೇ ಎಂದು 1993ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಈಗಿನ ಕಾಯ್ದೆ ಅದನ್ನು ಸೇವೆಯ ವ್ಯಾಖ್ಯೆಯಲ್ಲೇ ಸೇರಿಸಿದೆ. ಆದುದರಿಂದ ಕಳಪೆ ಕಾಮಗಾರಿ ಸೇವಾ ನ್ಯೂನತೆಯಾಗುತ್ತದೆ. ಕೊಟ್ಟ ಹಣ 50 ಲಕ್ಷ ರೂಪಾಯಿಯವರೆಗಿದ್ದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದು. ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದಾದ್ದರಿಂದ ಗುತ್ತಿಗೆದಾರರು ಬೇರೆ ಜಿಲ್ಲೆಯವರಾದರೂ ಅಡ್ಡಿಯಿಲ್ಲ. 5 ಲಕ್ಷದವರೆಗೆ ಶುಲ್ಕವಿಲ್ಲ, 20ರಿಂದ 50 ಲಕ್ಷದ ನಡುವೆ 1,000 ರೂಪಾಯಿ. ಇ-ಜಾಗೃತಿ ಜಾಲತಾಣದ ಮೂಲಕ ದೂರನ್ನು ಮನೆಯಿಂದಲೇ ಸಲ್ಲಿಸಬಹುದು, ಪ್ರಾಥಮಿಕ ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ರೇರಾ ಅನ್ವಯವಾಗುವ ಫ್ಲ್ಯಾಟ್‌ನವರಿಗೂ ಈ ಬಾಗಿಲು ಮುಚ್ಚಿಲ್ಲವೆಂದು 2020ರ ನವೆಂಬರ್‌ನಲ್ಲಿ ಇಂಪೀರಿಯಾ ಸ್ಟ್ರಕ್ಚರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಇಲ್ಲಿ ಮರೆಯಬಾರದ ಸಂಗತಿ ಕಾಲಮಿತಿ. ವ್ಯಾಜ್ಯದ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಬೇಕು. ‘ಬರುವ ಬೇಸಿಗೆಯಲ್ಲಿ ಮಾಡಿಕೊಡುತ್ತೇವೆ’ ಎಂಬ ಭರವಸೆಯನ್ನು ಎರಡು ಸಲ ನಂಬಿದವರಿಗೆ ಮೂರನೆಯ ಮಳೆಗಾಲದ ಹೊತ್ತಿಗೆ ಗಡುವು ಮೀರಿರುತ್ತದೆ, ನಡುವೆ ಬರೆದ ಪತ್ರಗಳು ಆ ಗಡುವನ್ನು ತಾವಾಗಿ ಮುಂದೂಡುವುದಿಲ್ಲ. ಸಿವಿಲ್ ನ್ಯಾಯಾಲಯದಲ್ಲಿ ಕರಾರು ಉಲ್ಲಂಘನೆಯ ದಾವೆಗೆ ಮೂರು ವರ್ಷಗಳ ಅವಕಾಶವಿದ್ದರೂ ಅದು ದೀರ್ಘವಾದ ದಾರಿ. ಕಟ್ಟಿದ ಮನೆಯನ್ನು ಖಾಸಗಿ ವ್ಯಕ್ತಿಯಿಂದ ಕೊಂಡವರಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಪ್ರಕರಣ ನೆರವಾಗುತ್ತದೆ. ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕೊಳ್ಳುವವರಿಗೆ ಕಾಣದ, ಮಾರುವವರಿಗೆ ಮಾತ್ರ ತಿಳಿದಿರುವ ಮಹತ್ವದ ದೋಷವನ್ನು ಮಾರುವವರು ತಿಳಿಸಲೇಬೇಕೆಂದು ಅದು ಹೇಳುತ್ತದೆ. ಕಾಣುವ ದೋಷವನ್ನು ನೋಡದೆ ಕೊಂಡವರಿಗೆ ಈ ರಕ್ಷಣೆ ಇಲ್ಲ. ಒಂದೇ ಊರಿನಲ್ಲಿ ಮುಖ ನೋಡಿಕೊಂಡು ಬಾಳಬೇಕಾದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್‌ನಲ್ಲಿ ರಾಜಿಯಾಗುವ ದಾರಿಯೂ ಇದ್ದು, ಅಲ್ಲಿನ ತೀರ್ಮಾನಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿರುತ್ತದೆ.

ದೂರಿನಲ್ಲಿ ಏನನ್ನು ಕೇಳಬೇಕೆಂಬುದನ್ನೂ ಯೋಚಿಸಿ ಬರೆಯಬೇಕು. ಬರಿಯ ‘ದುರಸ್ತಿ ಮಾಡಿಸಿಕೊಡಿ’ ಎಂಬ ಕೋರಿಕೆಗೆ ಬಂದ ಆದೇಶ, ಬಣ್ಣ ಬಳಿದು ಹೋಗುವ ಕೆಲಸಕ್ಕೂ ಅವಕಾಶ ಕೊಡುತ್ತದೆ. ಇಂಜಿನಿಯರ್ ವರದಿಯಲ್ಲಿ ಹೇಳಿದ ವಿಧಾನದಲ್ಲಿ, ಮೇ ತಿಂಗಳ ಕೊನೆಯೊಳಗೆ ದುರಸ್ತಿ ಮಾಡಬೇಕೆಂದೂ, ತಪ್ಪಿದರೆ ವರದಿಯ ಅಂದಾಜು ವೆಚ್ಚವನ್ನು ಬಡ್ಡಿಸಹಿತ ಕೊಡಬೇಕೆಂದೂ, ಜೊತೆಗೆ ಪರೀಕ್ಷೆಯ ಖರ್ಚು ಮತ್ತು ಮಾನಸಿಕ ಯಾತನೆಗೆ ಪರಿಹಾರವನ್ನೂ ಬೇರೆ ಬೇರೆಯಾಗಿ ಕೇಳಬೇಕು. ಆಯೋಗದ ಆದೇಶದ ವಿರುದ್ಧ ರಾಜ್ಯ ಆಯೋಗಕ್ಕೆ 45 ದಿನಗಳೊಳಗೆ ಮೇಲ್ಮನವಿ ಹೋಗಬಹುದಾದರೂ, ಹಣ ಕೊಡಬೇಕಾದವರು ಆ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕಾಗುತ್ತದೆ; ಆದೇಶ ಪಾಲಿಸದವರಿಗೆ ಕಾಯ್ದೆಯ 72ನೇ ಪ್ರಕರಣದಡಿ ಮೂರು ವರ್ಷಗಳವರೆಗೆ ಸೆರೆವಾಸ, ಅಥವಾ 25,000ದಿಂದ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ವಿಧಿಸಬಹುದು.